‘ಹೀಗೆ’ ಎಂಬ ಮಾತಿನಾಚೆ: ಕೆಲಸದ ನೆಲೆಯಲ್ಲಿ ಕಲಿಸುವವರ ತರಬೇತಿ

1

ಕೆಲಸವನ್ನು ಬಲ್ಲವರು ಅದನ್ನು ಕಲಿಸಲೂ ಬಲ್ಲರೆಂಬ ನಂಬಿಕೆ ಬಹು ಹಳೆಯದು. ಕಾರ್ಖಾನೆ, ಗ್ಯಾರೇಜು, ಮುದ್ರಣಾಲಯ, ಆಸ್ಪತ್ರೆ, ಕಚೇರಿ ಎಲ್ಲಿಯಾದರೂ ಸರಿ, ಹೊಸದಾಗಿ ಸೇರಿದವನನ್ನು ಅನುಭವಿಯೊಬ್ಬನ ಪಕ್ಕದಲ್ಲಿ ನಿಲ್ಲಿಸಿ ‘ಇವರು ಮಾಡುವುದನ್ನು ನೋಡಿ ಕಲಿ’ ಎಂದುಬಿಟ್ಟರೆ ತರಬೇತಿಯ ವ್ಯವಸ್ಥೆ ಮುಗಿಯಿತೆಂದು ಭಾವಿಸಲಾಗುತ್ತದೆ. ಅನುಭವಿಯಾದರೋ ತನ್ನ ಕೆಲಸವನ್ನು ತನ್ನ ವೇಗದಲ್ಲಿಯೇ ಮಾಡುತ್ತ, ನಡುನಡುವೆ ‘ಹಿಂಗೆ ಹಿಡಿ, ಹಂಗೆ ತಿರುಗಿಸು, ಸ್ವಲ್ಪ ನೋಡ್ಕೊಂಡು ಬಿಡು’ ಎನ್ನುತ್ತಾನೆ. ಹೊಸಬ ತಲೆಯಾಡಿಸುತ್ತಾನೆ. ಮರುದಿನ ಅವನೊಬ್ಬನೇ ಯಂತ್ರದ ಮುಂದೆ ನಿಂತಾಗ ವಸ್ತು ಕೆಡುತ್ತದೆ, ಇಲ್ಲವೆ ಬೆರಳು ಜಜ್ಜುತ್ತದೆ. ‘ಎಷ್ಟು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಕಲಿಕೆ ಸೋತಾಗ ಆರೋಪಿಯ ಸ್ಥಾನದಲ್ಲಿ ನಿಲ್ಲುವವನು ಸಾಮಾನ್ಯವಾಗಿ ಕಲಿಯುವವನೇ.

ಈ ಸನ್ನಿವೇಶದಲ್ಲಿ ಭಾಷೆಯ ಅಧ್ಯಯನಕಾರರು ಗಮನಿಸಬೇಕಾದ ಅಂಶವೊಂದಿದೆ. ಕನ್ನಡದಲ್ಲಿ ‘ಹೇಗೆ’ ಎಂಬ ಪ್ರಶ್ನೆಗೆ ‘ಹೀಗೆ’, ‘ಹಾಗೆ’ ಎಂಬವು ಸಿದ್ಧ ಉತ್ತರಗಳು. ಮೂರೂ ಒಂದೇ ಅಚ್ಚಿನಲ್ಲಿ ಎರಕಗೊಂಡ ಪದಗಳು. ‘ಹೀಗೆ’ ಎಂಬುದು ತನ್ನಲ್ಲಿ ಯಾವ ಅರ್ಥವನ್ನೂ ಹೊತ್ತಿಲ್ಲದೆ ಕಣ್ಣೆದುರಿನ ವಸ್ತುವಿನ ಕಡೆಗೆ ಬೆರಳು ತೋರಿಸಿ ಸುಮ್ಮನಾಗುತ್ತದೆ. ಎಲ್ಲಿ ನೋಡಬೇಕೆಂಬುದನ್ನು ಮೊದಲೇ ಬಲ್ಲವನಿಗೆ ಅದು ಸಂಪೂರ್ಣವಾದ ಉತ್ತರ. ಬಲ್ಲದವನಿಗೆ ಅದು ಉತ್ತರವೇ ಅಲ್ಲ. ಅನುಭವಿಯು ‘ಹೀಗೆ’ ಎಂದಾಗ ಅವನ ಮನಸ್ಸಿನಲ್ಲಿರುವುದು ಹೆಬ್ಬೆರಳಿನ ಒತ್ತಡ. ಹೊಸಬ ನೋಡುತ್ತಿರುವುದು ಅವನ ಮೊಣಕೈಯನ್ನು. ಇಬ್ಬರ ನಡುವೆ ಮಾತು ನಡೆದಿದೆ, ಅರ್ಥ ಮಾತ್ರ ದಾಟಿಲ್ಲ. ಕಲಿಸುವವರಿಗೆ ಕಲಿಸುವ ಶಾಸ್ತ್ರವೆಂದು ಇಪ್ಪತ್ತನೆಯ ಶತಮಾನದಲ್ಲಿ ಬೆಳೆದುಬಂದುದರ ತಿರುಳು, ಈ ‘ಹೀಗೆ’ಯನ್ನು ಒಡೆದು ಅದರೊಳಗಿನದನ್ನು ಮಾತಿಗೆ ತರುವ ಪ್ರಯತ್ನವೇ ಆಗಿದೆ. ಆ ಶಾಸ್ತ್ರವು ರೂಪುಗೊಂಡ ಬಗೆಯನ್ನೂ ಅದರ ಒಳರಚನೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

2

ಈ ವಿಧಾನದ ಹುಟ್ಟಿಗೆ ಕಾರಣವಾದದ್ದು ಯುದ್ಧ. 1917ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ ಹಡಗು ಕಟ್ಟುವ ಕಾರ್ಮಿಕರ ಸಂಖ್ಯೆಯನ್ನು ಅಲ್ಪಾವಧಿಯಲ್ಲಿ ಹಲವು ಪಟ್ಟು ಹೆಚ್ಚಿಸಬೇಕಾಯಿತು. ಹಡಗುಕಟ್ಟೆಗಳಲ್ಲಿ ನುರಿತ ಕಸುಬುದಾರರಿದ್ದರು. ಆದರೆ ಅವರಿಗೆ ಕಲಿಸಿ ಅಭ್ಯಾಸವಿರಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ವೃತ್ತಿಶಿಕ್ಷಣದ ಕ್ಷೇತ್ರದಲ್ಲಿ ದುಡಿದಿದ್ದ ಚಾರ್ಲ್ಸ್ ಆರ್. ಆಲೆನ್ ಎಂಬಾತ ಆ ಕಸುಬುದಾರರನ್ನೇ ಆರಿಸಿ ಬೋಧಕರನ್ನಾಗಿ ತಯಾರು ಮಾಡುವ ಕಾರ್ಯವನ್ನು ಕೈಗೊಂಡ. 1919ರಲ್ಲಿ ಪ್ರಕಟವಾದ ಆತನ ‘ದಿ ಇನ್‌ಸ್ಟ್ರಕ್ಟರ್, ದಿ ಮ್ಯಾನ್ ಅಂಡ್ ದಿ ಜಾಬ್’ ಎಂಬ ಗ್ರಂಥವು ಈ ಕ್ಷೇತ್ರದ ಮೂಲಪಠ್ಯವೆಂದು ಪರಿಗಣಿತವಾಗಿದೆ. ಪಾಠವೊಂದಕ್ಕೆ ಸಿದ್ಧತೆ, ನಿರೂಪಣೆ, ಪ್ರಯೋಗ, ಪರೀಕ್ಷೆ ಎಂಬ ನಾಲ್ಕು ಹಂತಗಳಿರಬೇಕೆಂಬುದು ಅಲ್ಲಿನ ಪ್ರತಿಪಾದನೆ. ಇದರ ಬೇರು ಜರ್ಮನಿಯ ತತ್ತ್ವಜ್ಞಾನಿ ಯೋಹಾನ್ ಫ್ರೀಡ್ರಿಕ್ ಹೆರ್ಬಾರ್ಟನ (1776–1841) ಬೋಧನಾ ವಿಚಾರಗಳಲ್ಲಿದೆ. ಆತನ ಅನುಯಾಯಿಗಳು ಶಾಲಾಪಾಠಕ್ಕೆಂದು ರೂಪಿಸಿದ ಹಂತಗಳು ಈ ಬಗೆಯಲ್ಲಿ ಕಮ್ಮಟಕ್ಕೂ ಕುಲುಮೆಗೂ ಇಳಿದು ಬಂದವು. ಶಿಕ್ಷಣಶಾಸ್ತ್ರದ ವಿಚಾರವೊಂದು ಶಾಲೆಯಿಂದ ಹೊರಬಿದ್ದು ಕೈಗೆಲಸದವರ ಬಳಿ ಸೇರಿದ ಉದಾಹರಣೆಗಳು ಹೆಚ್ಚಿಲ್ಲ.

ಯುದ್ಧ ಮುಗಿದ ಮೇಲೆ ಈ ವಿಧಾನವು ಬಹುಮಟ್ಟಿಗೆ ಮರೆತುಹೋಯಿತು. ಎರಡನೆಯ ಮಹಾಯುದ್ಧದ ಸಿದ್ಧತೆಯ ಕಾಲಕ್ಕೆ, 1940ರ ಆಗಸ್ಟಿನಲ್ಲಿ, ಅಮೆರಿಕದ ಸರ್ಕಾರ ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಸೇವಾವಿಭಾಗವನ್ನು ಆರಂಭಿಸಿತು. ಉದ್ಯಮದಿಂದಲೇ ಬಂದ ಚಾನಿಂಗ್ ಡೂಲಿ ಅದರ ನಿರ್ದೇಶಕನಾದ; ವಾಲ್ಟರ್ ಡೀಟ್ಸ್ ಅವನ ಸಹವರ್ತಿ. ಆರಂಭದಲ್ಲಿಯೇ ಇವರೆದುರು ಬಂದ ಸಮಸ್ಯೆಗಳಲ್ಲಿ ಒಂದು ಮಸೂರ ಉಜ್ಜುವವರ ಕೊರತೆ. ಬಂದೂಕಿನ ದೂರದರ್ಶಕಗಳಿಗೆ ಬೇಕಾದ ಗಾಜನ್ನು ಉಜ್ಜಿ ಹೊಳಪೇರಿಸುವ ಕಸುಬನ್ನು ಕಲಿಯಲು 5 ವರ್ಷ ಬೇಕೆಂಬುದು ಆಗಿನ ತಿಳಿವಳಿಕೆ. ಆ ಕಸುಬುದಾರನ ದಿನಚರಿಯನ್ನು ಬಿಡಿಸಿ ನೋಡಿದಾಗ ಅದರಲ್ಲಿ 20 ಬೇರೆಬೇರೆ ಕೆಲಸಗಳಿರುವುದು ಕಂಡುಬಂತು. ಅವುಗಳಲ್ಲಿ 14ನ್ನು ಅಷ್ಟೇನೂ ನುರಿಯದವರೂ ಮಾಡಬಹುದಾಗಿತ್ತು. ನಿಜವಾದ ನೈಪುಣ್ಯವನ್ನು ಬೇಡುತ್ತಿದ್ದ ಉಳಿದ ಆರರ ಮೇಲೆ ಬೋಧನೆಯನ್ನು ಕೇಂದ್ರೀಕರಿಸಿದಾಗ ವರ್ಷಗಳ ಲೆಕ್ಕ ತಿಂಗಳುಗಳಿಗೆ ಇಳಿಯಿತು. ಈ ಅನುಭವದಿಂದಲೂ ಆಲೆನನ ನಾಲ್ಕು ಹಂತಗಳಿಂದಲೂ ಕೂಡಿ ಬೆಳೆದದ್ದು ‘ಜಾಬ್ ಇನ್‌ಸ್ಟ್ರಕ್ಷನ್’, ಅಂದರೆ ಕೆಲಸದ ಬೋಧನೆ ಎಂಬ ಕಿರು ಪಾಠಕ್ರಮ. ಹತ್ತು ಮಂದಿಯ ಗುಂಪು; ಎರಡು ಗಂಟೆಯ ಐದು ಬೈಠಕ್ಕುಗಳು; ಒಟ್ಟು ಹತ್ತು ಗಂಟೆ. ಕಲಿಯಲು ಬರುತ್ತಿದ್ದವರು ಫೋರ್‌ಮನ್‌ಗಳು, ತಂಡದ ಮುಖಂಡರು, ಹಿರಿಯ ಕೆಲಸಗಾರರು. ಅವರಿಗೆ ಯಂತ್ರದ ವಿಷಯ ಹೇಳಿಕೊಡಬೇಕಾಗಿರಲಿಲ್ಲ. ಹೇಳಿಕೊಡುವುದು ಹೇಗೆಂಬುದನ್ನಷ್ಟೇ ಹೇಳಿಕೊಡಬೇಕಾಗಿತ್ತು.

3

ಮೊದಲ ಬೈಠಕ್ಕಿನಲ್ಲಿ ನಡೆಯುತ್ತಿದ್ದ ಗಂಟಿನ ಪ್ರಯೋಗವು ಇಡೀ ಪಾಠಕ್ರಮದ ಜೀವಾಳ. ವಿದ್ಯುತ್ ದೀಪವನ್ನು ತೂಗುಬಿಡುವ ಜೋಡಿ ಎಳೆಯ ತಂತಿಗೆ ಹೋಲ್ಡರಿನೊಳಗೆ ಹಾಕುವ ಗಂಟು ಅದು. ದೀಪದ ಭಾರ ತಿರುಪುಗಳ ಮೇಲೆ ಬೀಳದೆ ಗಂಟಿನ ಮೇಲೆ ಬೀಳಬೇಕೆಂಬುದು ಅದರ ಉದ್ದೇಶ. ನೋಡಲು ಸರಳ, ಕಟ್ಟಲು ತೊಡಕು. ನೆರೆದವರಲ್ಲಿ ಬಹುತೇಕರಿಗೆ ಅಪರಿಚಿತವಾದದ್ದರಿಂದ ಎಲ್ಲರೂ ಕ್ಷಣಕಾಲ ಹೊಸಬರಾಗಿಬಿಡುತ್ತಿದ್ದರು. ಇಪ್ಪತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನಿಗೆ ತಾನು ಮೊದಲ ದಿನ ಹೇಗಿದ್ದೆನೆಂಬುದು ನೆನಪಿರುವುದಿಲ್ಲ. ಆ ಅವಸ್ಥೆಯನ್ನು ಅವನಿಗೆ ಮತ್ತೆ ಅನುಭವಕ್ಕೆ ತಂದುಕೊಡುವ ಉಪಾಯವಿದು.

ತರಬೇತುದಾರ ಮೊದಲು ಒಬ್ಬನನ್ನು ಮುಂದೆ ಕರೆದು ಬರಿಯ ಮಾತಿನಲ್ಲಿ ಗಂಟನ್ನು ವಿವರಿಸುತ್ತಾನೆ. ವಿವರಣೆಯಲ್ಲಿ ತಪ್ಪೇನೂ ಇರುವುದಿಲ್ಲ. ಆದರೂ ತಂತಿ ಕೈಗೆ ಬಂದಾಗ ಅವನಿಗೆ ಗಂಟು ಬರುವುದಿಲ್ಲ. ಆಮೇಲೆ ಇನ್ನೊಬ್ಬನನ್ನು ಕರೆದು, ಮಾತಿಲ್ಲದೆ, ಕಟ್ಟಿ ತೋರಿಸುತ್ತಾನೆ. ಅವನಿಗೂ ಬರುವುದಿಲ್ಲ. ಹೇಳಿದರೆ ಸಾಲದು, ತೋರಿಸಿದರೂ ಸಾಲದು ಎಂಬುದು ಸಭೆಯ ಕಣ್ಣೆದುರಿಗೇ ಸಿದ್ಧವಾಗುತ್ತದೆ. ಮೂರನೆಯವನನ್ನು ಕರೆದಾಗ ವಿಧಾನ ಬದಲಾಗುತ್ತದೆ. ಅವನನ್ನು ಎದುರಿಗೆ ನಿಲ್ಲಿಸದೆ ಪಕ್ಕಕ್ಕೆ ಕರೆದುಕೊಳ್ಳಲಾಗುತ್ತದೆ, ಏಕೆಂದರೆ ಎದುರಿಗೆ ನಿಂತವನಿಗೆ ಬಲ ಎಡವಾಗಿಯೂ ಎಡ ಬಲವಾಗಿಯೂ ಕಾಣುತ್ತದೆ. ಈ ಗಂಟನ್ನು ಎಂದಾದರೂ ಕಟ್ಟಿದ್ದುಂಟೇ ಎಂದು ಕೇಳಿ, ಇದು ಯಾತಕ್ಕೆ ಬೇಕೆಂದು ಹೇಳಿ, ಕೆಲಸ ಆರಂಭವಾಗುತ್ತದೆ.

ಮೊದಲನೆಯದು, ತಂತಿಯ ಹೆಣಿಗೆಯನ್ನು ಬಿಚ್ಚಿ ಎಳೆಗಳನ್ನು ನೇರಗೊಳಿಸುವುದು. ಇಲ್ಲಿ ನೆನಪಿಡಬೇಕಾದದ್ದು ಆರು ಅಂಗುಲ ಎಂಬ ಅಳತೆ. ಎರಡನೆಯದು, ಬಲಗಡೆಯ ಎಳೆಯಿಂದ ಕುಣಿಕೆ ಮಾಡುವುದು. ಎಳೆಯು ಮೂಲ ತಂತಿಯ ಮುಂದಿನಿಂದ ಹಾದುಹೋಗಬೇಕು. ಮೂರನೆಯದು, ಎಡಗಡೆಯ ಎಳೆಯಿಂದ ಕುಣಿಕೆ. ಅದನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲ ಎಳೆಯ ತುದಿಯ ಕೆಳಗಿನಿಂದ, ಮೂಲ ತಂತಿಯ ಹಿಂದಿನಿಂದ ತರಬೇಕು. ನಾಲ್ಕನೆಯದು, ಅದರ ತುದಿಯನ್ನು ಬಲಗಡೆಯ ಕುಣಿಕೆಯೊಳಗೆ ತೂರಿಸುವುದು. ಐದನೆಯದು, ಎರಡೂ ತುದಿಗಳನ್ನು ಸಮನಾಗಿ ಹಿಡಿದು ಬಿಗಿಯುವುದು. ಮುಂದಿನಿಂದ, ಕೆಳಗಿನಿಂದ, ಹಿಂದಿನಿಂದ: ಇಡೀ ಗಂಟು ಈ ಮೂರು ಮಾತುಗಳ ಮೇಲೆ ನಿಂತಿದೆ. ಬರಿಯ ವಿವರಣೆಯಲ್ಲಿಯೂ ಈ ಮಾತುಗಳು ಇದ್ದವು, ಆದರೆ ನೂರು ಮಾತುಗಳ ನಡುವೆ ಹುದುಗಿದ್ದವು. ಬರಿಯ ಪ್ರದರ್ಶನದಲ್ಲಿಯೂ ಆ ಚಲನೆಗಳಿದ್ದವು, ಆದರೆ ಯಾವುದು ಮುಖ್ಯವೆಂದು ಕಣ್ಣಿಗೆ ಯಾರೂ ಹೇಳಿರಲಿಲ್ಲ. ಕೈ ಮಾಡುತ್ತಿರುವಾಗಲೇ ಮಾತು ಅದೇ ಜಾಗದ ಮೇಲೆ ಬಿದ್ದಾಗ ಮೂರನೆಯವನು ಗಂಟನ್ನು ಕಟ್ಟುತ್ತಾನೆ.

4

ಈ ಪ್ರಯೋಗದಲ್ಲಿ ಎರಡು ಬಗೆಯ ಸಂಗತಿಗಳನ್ನು ಬೇರ್ಪಡಿಸಿರುವುದು ಗಮನಾರ್ಹ. ಒಂದು, ಕೆಲಸ ಮುಂದುವರಿಯಲು ಮಾಡಲೇಬೇಕಾದ ಹೆಜ್ಜೆ. ಇನ್ನೊಂದು, ಆ ಹೆಜ್ಜೆಯನ್ನು ಸರಿಯಾಗಿಸುವ ಸೂಕ್ಷ್ಮ. ಎರಡನೆಯದನ್ನು ಅಲ್ಲಿ ‘ಕೀ ಪಾಯಿಂಟ್’ ಎಂದು ಕರೆಯಲಾಗಿದೆ. ಕನ್ನಡದಲ್ಲಿ ಇದನ್ನು ‘ಮರ್ಮ’ ಎನ್ನಬಹುದು. ಮೂರು ಪರೀಕ್ಷೆಗಳಿಂದ ಮರ್ಮವನ್ನು ಗುರುತಿಸಲಾಗುತ್ತದೆ: ತಪ್ಪಿದರೆ ಕೆಲಸವೇ ಕೆಡುವಂಥದು, ತಪ್ಪಿದರೆ ಮೈಗೆ ಪೆಟ್ಟಾಗುವಂಥದು, ತಿಳಿದರೆ ಕೆಲಸ ಹಗುರವಾಗುವಂಥದು. ಮೂರನೆಯದೇ ಕಸುಬುದಾರರ ಕೈಚಳಕ. ಫೋರ್‌ಮನ್ ಪಾಠಕ್ಕೆ ಮುನ್ನ ಒಂದು ಹಾಳೆಯ ಎಡಗಡೆ ಹೆಜ್ಜೆಗಳನ್ನೂ ಬಲಗಡೆ ಮರ್ಮಗಳನ್ನೂ ಬರೆದುಕೊಳ್ಳಬೇಕು. ಈ ಹಾಳೆ ಕಲಿಯುವವನಿಗಾಗಿ ಅಲ್ಲವೆಂಬುದನ್ನು ಹಲವರು ಮರೆಯುತ್ತಾರೆ. ಅದು ಕಲಿಸುವವನು ತನ್ನ ಆಲೋಚನೆಯನ್ನು ಅಣಿಗೊಳಿಸಿಕೊಳ್ಳುವ ಸಾಧನ. ಅದನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳುವುದು ವಿಧಾನದ ದುರುಪಯೋಗ.

ಹೆಜ್ಜೆಗಳನ್ನು ಬರೆಯುವುದು ಸುಲಭ, ಮರ್ಮಗಳನ್ನು ಬರೆಯುವುದು ಕಠಿಣ. ಉತ್ತರ ಕರ್ನಾಟಕದ ಅಡುಗೆಮನೆಯ ಜೋಳದ ರೊಟ್ಟಿಯನ್ನೇ ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಿಟ್ಟಿಗೆ ನೀರು ಹಾಕುವುದು, ನಾದುವುದು, ಬಡಿಯುವುದು, ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು, ಮಗುಚುವುದು, ಸುಡುವುದು ಎಂಬ ಹೆಜ್ಜೆಗಳನ್ನು ರೊಟ್ಟಿ ಮಾಡಬಾರದವರೂ ಹೇಳಿಯಾರು. ನುರಿತವರನ್ನು ‘ನೀರು ಎಷ್ಟು? ಎಷ್ಟು ಹೊತ್ತು ನಾದಬೇಕು?’ ಎಂದು ಕೇಳಿದರೆ ‘ಹದಾ ಬರೋ ತನಕ’ ಎಂಬ ಉತ್ತರ ಬರುತ್ತದೆ. ‘ಹದ’ ಎಂಬ ಪದ ಇಲ್ಲಿ ‘ಹೀಗೆ’ಯ ಹಿರಿಯಕ್ಕನಂತೆ ಕೆಲಸ ಮಾಡುತ್ತದೆ: ಬಲ್ಲವರಿಗೆ ಎಲ್ಲವನ್ನೂ ಹೇಳುತ್ತದೆ, ಬಲ್ಲದವರಿಗೆ ಏನನ್ನೂ ಹೇಳುವುದಿಲ್ಲ. ಆದರೆ ಪಕ್ಕದಲ್ಲಿ ನಿಂತು, ಕೈ ನೋಡುತ್ತ, ಇದೇಕೆ ಹೀಗೆ, ಬಿಟ್ಟರೆ ಏನಾಗುತ್ತದೆ ಎಂದು ಕೇಳುತ್ತ ಹೋದರೆ ಹದವು ಬಿಚ್ಚಿಕೊಳ್ಳುತ್ತದೆ. ನೀರು ಕುದಿಯುವ ಎಸರೇ ಆಗಿರಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲವಾದ್ದರಿಂದ ಬಿಸಿನೀರಿನಲ್ಲಿ ಬೆಂದ ಹಿಟ್ಟೇ ಅಂಟಿನ ಕೆಲಸ ಮಾಡಬೇಕು. ನಾದಿದ್ದು ಸಾಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಹಂಚಿನ ಮೇಲೆ ಸವರಿದ ನೀರು ಆರುವ ಹೊತ್ತಿಗೆ ಮಗುಚಬೇಕು. ಅಂಚಿನ ಸೀಳು, ಆರುತ್ತಿರುವ ನೀರು: ಇವು ಹೊಸಬರ ಕಣ್ಣಿಗೂ ಕಾಣುವ ಗುರುತುಗಳು.

ಕನ್ನಡದ ವೃತ್ತಿಲೋಕ ಈ ಬಗೆಯ ಗುರುತುಗಳಲ್ಲಿ ಬಡವಾಗಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಸಕ್ಕರೆ ಪಾಕವು ಸರಿಯಾಗಿ ಕುದಿಯಬೇಕೆಂದು ಹೇಳುವ ಬದಲು ‘ಒಂದೆಳೆ ಪಾಕ’ ಎನ್ನಲಾಗುತ್ತದೆ. ಎರಡು ಬೆರಳ ನಡುವೆ ಹಿಡಿದು ಬಿಡಿಸಿದಾಗ ಒಂದು ಎಳೆ ನಿಲ್ಲಬೇಕೆಂಬುದು ಅದರರ್ಥ. ಮುದ್ದೆ ಬೆಂದಿತೇ ಎಂಬುದನ್ನು ಒದ್ದೆಗೈಯಿಂದ ಮುಟ್ಟಿ, ಅಂಟುವುದೋ ಇಲ್ಲವೋ ನೋಡಿ ನಿರ್ಧರಿಸುತ್ತಾರೆ. ಹೊಲ ಬಿತ್ತನೆಗೆ ಬಂದಿದೆಯೇ ಎಂದು ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡುವ ರೈತನ ಕ್ರಮವೂ ಇದೇ ಜಾತಿಯದು. ಯಾವ ತರಬೇತಿ ಸಂಸ್ಥೆಯೂ ಹೇಳಿಕೊಡುವ ಮೊದಲೇ ಹದವನ್ನು ಗುರುತಾಗಿ ಪರಿವರ್ತಿಸುವ ಕೆಲಸವನ್ನು ಜನರ ಭಾಷೆ ಮಾಡಿಟ್ಟಿದೆ. ತೊಂದರೆಯಿರುವುದು ಹೊಸ ಯಂತ್ರಗಳ ಸುತ್ತ. ಅವುಗಳೊಂದಿಗೆ ಬಂದ ಕೈಪಿಡಿಯ ಭಾಷೆ ಒಂದು, ಫೋರ್‌ಮನ್ನನ ಬಾಯಲ್ಲಿ ಅದು ಪಡೆದ ರೂಪ ಇನ್ನೊಂದು. ಹೊಸಬನಿಗೆ ದಕ್ಕುವುದು ‘ಟೈಟ್ ಮಾಡು, ಜಾಸ್ತಿ ಟೈಟ್ ಮಾಡಬೇಡ’ ಎಂಬ, ಅಳತೆಯಿಲ್ಲದ ಆಜ್ಞೆ ಮಾತ್ರ. ‘ಟೈಟ್’ ಎಂಬ ಪದವನ್ನು ‘ಬಿಗಿ’ ಎಂದು ಬದಲಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ‘ಕೈಯಿಂದ ತಿರುಗಿಸಿ ಇನ್ನು ತಿರುಗದೆಂದಾದ ಮೇಲೆ ಪಾನಾದಿಂದ ಕಾಲು ಸುತ್ತು’ ಎಂಬಂತಹ ಗುರುತು ಬೇಕು. ಪಾರಿಭಾಷಿಕ ಪದಗಳ ಪಟ್ಟಿಯೊಂದಿದ್ದರೆ ತಾಂತ್ರಿಕ ಬೋಧನೆ ಕನ್ನಡದಲ್ಲಿ ಸಾಧ್ಯವಾಗುತ್ತದೆಂಬ ಧೋರಣೆಯವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ. ನಟ್ಟು, ಬೋಲ್ಟು, ಗೇರು ಎಂಬ ಹೆಸರುಗಳು ಹೇಗಿದ್ದರೂ ನಡೆಯುತ್ತದೆ. ಬೋಧನೆ ನಿಂತಿರುವುದು ಕ್ರಿಯಾಪದಗಳ ಮೇಲೆ ಹಾಗೂ ಅವುಗಳಿಗೆ ಹತ್ತಿದ ಕ್ರಿಯಾವಿಶೇಷಣಗಳ ಮೇಲೆ. ಆ ಸಂಪತ್ತು ಕನ್ನಡದಲ್ಲಿ ಧಾರಾಳವಾಗಿದೆ.

5

ಬೋಧನೆಯ ನಾಲ್ಕು ಹಂತಗಳನ್ನು ಪ್ರತಿಯೊಬ್ಬ ಫೋರ್‌ಮನ್ನನಿಗೂ ಜೇಬಿನಲ್ಲಿ ಇಟ್ಟುಕೊಳ್ಳುವಂತಹ ಚಿಕ್ಕ ಕಾರ್ಡಿನಲ್ಲಿ ಅಚ್ಚುಮಾಡಿ ಕೊಡಲಾಗುತ್ತಿತ್ತು. ಕಲಿಯುವವನನ್ನು ಅಣಿಗೊಳಿಸುವುದು ಮೊದಲನೆಯದು: ಅವನ ಅಂಜಿಕೆ ಕಳೆಯಬೇಕು, ಅವನಿಗೆ ಈಗಾಗಲೇ ಏನು ಗೊತ್ತಿದೆಯೆಂದು ಕೇಳಬೇಕು, ಆಸಕ್ತಿ ಹುಟ್ಟಿಸಬೇಕು, ಸರಿಯಾದ ಜಾಗದಲ್ಲಿ ನಿಲ್ಲಿಸಿಕೊಳ್ಳಬೇಕು. ಕೆಲಸವನ್ನು ನಿರೂಪಿಸುವುದು ಎರಡನೆಯದು: ಒಂದು ಸಲಕ್ಕೆ ಒಂದೇ ಹೆಜ್ಜೆ, ಪ್ರತಿ ಮರ್ಮಕ್ಕೂ ಒತ್ತು, ಅವನಿಗೆ ಅರಗುವಷ್ಟು ಮಾತ್ರ. ಅವನಿಂದ ಮಾಡಿಸಿ ನೋಡುವುದು ಮೂರನೆಯದು. ಕೆಲಸಕ್ಕೆ ಹಚ್ಚಿ, ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಹೋಗಿ ನೋಡುತ್ತ, ಕ್ರಮೇಣ ದೂರ ಸರಿಯುವುದು ಕೊನೆಯದು.

ಇವುಗಳಲ್ಲಿ ಮೂರನೆಯದು ವಿಶೇಷ ಗಮನಕ್ಕೆ ಅರ್ಹ. ಮೊದಲ ಸಲ ಕಲಿಯುವವನು ಕೆಲಸವನ್ನು ಮಾಡುತ್ತಾನೆ. ತಪ್ಪು ಕಂಡ ಕೂಡಲೇ, ಅದು ಅಭ್ಯಾಸವಾಗುವ ಮೊದಲೇ, ತಿದ್ದಲಾಗುತ್ತದೆ. ಮುಂದಿನ ಸಲ ಅವನು ಮಾಡುತ್ತ ಮಾಡುತ್ತ ಮರ್ಮಗಳನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಮಾತು ಇಲ್ಲಿ ಕೈ ಬದಲಾಯಿಸುತ್ತದೆ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ಈ ವಿಧಾನದಲ್ಲಿ ಬೆಲೆಯಿಲ್ಲ. ಅದಕ್ಕೆ ‘ಹೂಂ’ ಎಂದಲ್ಲದೆ ಬೇರೆ ಉತ್ತರ ಬರುವುದು ಅಪರೂಪ. ಹಿರಿಯರೆದುರು, ಮೇಲಧಿಕಾರಿಯೆದುರು ‘ಇಲ್ಲ’ ಎನ್ನಲು ನಮ್ಮ ಸಮಾಜದಲ್ಲಿ ಇನ್ನಷ್ಟು ಧೈರ್ಯ ಬೇಕು. ಹೊಸಬನಿಗೆ ತಿಳಿಯಿತೆಂಬುದು ಕಲಿಸುವವನಿಗೆ ತಾನಾಗಿ ತಿಳಿಯುವವರೆಗೂ ಪುನರಾವರ್ತನೆ ನಡೆಯಬೇಕೆಂಬುದು ನಿಯಮ. ಕಲಿಯುವವನು ಕಲಿಯದೆ ಹೋದರೆ ಕಲಿಸಲಾಗಿಲ್ಲವೆಂದೇ ಅರ್ಥ ಎಂಬ ತತ್ತ್ವವನ್ನು ಈ ಪಾಠಕ್ರಮ ಬಹಿರಂಗವಾಗಿ ಸಾರಿತು. ಆರೋಪಿಯ ಸ್ಥಾನದಿಂದ ಹೊಸಬನನ್ನು ಇಳಿಸಿ ಕಲಿಸುವವನನ್ನು ಅಲ್ಲಿ ಕೂರಿಸಿದ್ದು, ಮಿಕ್ಕೆಲ್ಲ ತಂತ್ರಗಳಿಗಿಂತ ಹೆಚ್ಚಿನ ಬದಲಾವಣೆ.

ಅಂಜಿಕೆ ಕಳೆಯುವ ಮೊದಲ ಹಂತ ಕನ್ನಡದ ಸಂದರ್ಭದಲ್ಲಿ ಸಂಬೋಧನೆಯ ಪ್ರಶ್ನೆಯನ್ನೂ ಎತ್ತುತ್ತದೆ. ಇಂಗ್ಲಿಷಿನ ಆಜ್ಞಾರ್ಥಕ ರೂಪ ಒಂದೇ. ಕನ್ನಡದಲ್ಲಿ ‘ಹಿಡಿ’, ‘ಹಿಡಿಯಪ್ಪ’, ‘ಹಿಡೀರಿ’ ಎಂಬ ಆಯ್ಕೆಗಳಿವೆ. ಬಾಯಿ ತೆರೆದ ಕೂಡಲೇ ಇಬ್ಬರ ನಡುವಿನ ಅಂತರ ನಿಗದಿಯಾಗಿಬಿಡುತ್ತದೆ. ಇಪ್ಪತ್ತೆರಡರ ತರುಣಿಯೊಬ್ಬಳು ನಲವತ್ತೈದರ ಕಾರ್ಮಿಕನಿಗೆ ಹೊಸ ಯಂತ್ರವನ್ನು ಹೇಳಿಕೊಡಬೇಕಾಗಿ ಬಂದಾಗ ಈ ಪ್ರಶ್ನೆ ಇನ್ನೂ ನಾಜೂಕಾಗುತ್ತದೆ. ಅಮೆರಿಕದ ಕಾರ್ಡಿನಲ್ಲಿ ಇದಕ್ಕೆ ಸ್ಥಳವಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಅನುವಾದಿಸುವವರು ಸೇರಿಸಿಕೊಳ್ಳಬೇಕಾದ ಅಂಶವಿದು.

6

ಕಲಿಸುವವರನ್ನು ಕಲಿಸಿದ ಕ್ರಮವೂ ಇದೇ ತತ್ತ್ವವನ್ನು ಅನುಸರಿಸಿತ್ತು. ಐದು ಬೈಠಕ್ಕುಗಳಲ್ಲಿ ಉಪನ್ಯಾಸಕ್ಕೆ ಅವಕಾಶ ಅತ್ಯಲ್ಪ. ಭಾಗವಹಿಸಿದ ಪ್ರತಿಯೊಬ್ಬರೂ ತಮ್ಮ ವಿಭಾಗದ ನಿಜವಾದ ಕೆಲಸವೊಂದನ್ನು ತಂದು, ಅದರ ಹಾಳೆ ಬರೆದು, ಗುಂಪಿನೆದುರು ಕಲಿಸಿ ತೋರಿಸಬೇಕಾಗಿತ್ತು. ಉಳಿದವರು ಗಮನಿಸಿ ವಿಮರ್ಶಿಸುತ್ತಿದ್ದರು. ತನ್ನ ವಿಭಾಗದ ಯಾವ ಕೆಲಸ ಯಾರಿಗೆ ಬರುತ್ತದೆ, ಯಾರಿಗೆ ಯಾವ ದಿನಾಂಕದೊಳಗೆ ಕಲಿಸಬೇಕು ಎಂಬ ಕೋಷ್ಟಕವನ್ನು ಬರೆಯುವುದೂ ಅಭ್ಯಾಸದ ಭಾಗ. ಇಂತಹ ಗುಂಪುಗಳನ್ನು ನಡೆಸುವ ತರಬೇತುದಾರರಿಗೆ ಪ್ರತ್ಯೇಕ ಶಿಬಿರಗಳಿದ್ದವು. ಅವರ ಕೈಗೆ ಮಾತುಮಾತನ್ನೂ ಬರೆದ ಕೈಪಿಡಿಯನ್ನು ಕೊಟ್ಟು, ನೆನಪನ್ನು ನಂಬದೆ ಅದನ್ನು ನೋಡಿಯೇ ನಡೆಸಬೇಕೆಂದು ವಿಧಿಸಲಾಗಿತ್ತು. ಮೇಲುನೋಟಕ್ಕೆ ಇದು ಯಾಂತ್ರಿಕ. ಆದರೆ ಒಬ್ಬರಿಂದ ಹತ್ತು ಮಂದಿಗೆ, ಹತ್ತರಿಂದ ನೂರಕ್ಕೆ ಸಾಗುವಾಗ ಪ್ರತಿ ಕೈಯಲ್ಲಿಯೂ ಪಾಠ ಸ್ವಲ್ಪಸ್ವಲ್ಪ ಸವೆಯುತ್ತದೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಬಲ್ಲವರಿಗೆ ಈ ಆತಂಕವನ್ನು ವಿವರಿಸಬೇಕಾಗಿಲ್ಲ.

1945ರಲ್ಲಿ ಈ ಸೇವೆ ಕೊನೆಗೊಳ್ಳುವ ವೇಳೆಗೆ, ಮುಂದೆ ಸೇರಿದ ಕಾರ್ಯವಿಧಾನ ಸುಧಾರಣೆ ಮತ್ತು ಕಾರ್ಮಿಕ ಸಂಬಂಧಗಳ ಪಾಠಕ್ರಮಗಳೂ ಕೂಡಿದಂತೆ, 16,000ಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ 17 ಲಕ್ಷಕ್ಕೂ ಮಿಗಿಲಾದ ಪ್ರಮಾಣಪತ್ರಗಳನ್ನು ನೀಡಲಾಗಿತ್ತು. ಉತ್ಪಾದನೆ ಏರಿತು, ತರಬೇತಿಯ ಅವಧಿ ಇಳಿಯಿತು ಎಂಬ ಅಂಕಿಗಳನ್ನೂ ಅದರ ಅಂತಿಮ ವರದಿ ಮುಂದಿಡುತ್ತದೆ. ಆದರೆ ಅವು ಆಯಾ ಕಾರ್ಖಾನೆಗಳೇ ಒದಗಿಸಿದ ಲೆಕ್ಕಗಳು. ಯುದ್ಧಕಾಲದಲ್ಲಿ ಉತ್ಪಾದನೆ ಏರಲು ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ವಿಧಾನದ ಯೋಗ್ಯತೆಯನ್ನು ಈ ಶೇಕಡಾವಾರುಗಳಿಂದ ಅಳೆಯುವುದಕ್ಕಿಂತ ಗಂಟಿನ ಪ್ರಯೋಗವನ್ನು ಒಮ್ಮೆ ಮಾಡಿ ನೋಡುವುದು ಮೇಲು.

7

ಈ ವಿಧಾನಕ್ಕೆ ಗಂಭೀರವಾದ ಆಕ್ಷೇಪಣೆಗಳೂ ಇವೆ. ಮನುಷ್ಯನಿಗೆ ತಿಳಿದಿರುವುದೆಲ್ಲವೂ ಮಾತಿಗೆ ಸಿಕ್ಕುವುದಿಲ್ಲವೆಂದು ಮೈಕೆಲ್ ಪೊಲಾನಿ ‘ದಿ ಟ್ಯಾಸಿಟ್ ಡೈಮೆನ್ಷನ್’ (1966) ಕೃತಿಯಲ್ಲಿ ವಾದಿಸಿದ್ದಾನೆ. ಪರಿಚಿತ ಮುಖವನ್ನು ಸಾವಿರ ಮುಖಗಳ ನಡುವೆ ಗುರುತಿಸುವವನು ಅದನ್ನು ಹೇಗೆ ಗುರುತಿಸಿದೆನೆಂದು ಹೇಳಲಾರ. ಹಾಗಾದರೆ ಹದವನ್ನು ಸಂಪೂರ್ಣವಾಗಿ ಮರ್ಮಗಳಾಗಿ ಬಿಡಿಸಬಹುದೆಂಬ ಭರವಸೆ ಎಷ್ಟು ಸರಿ? ಬಿಡಿಸಲಾಗದ ಶೇಷವೊಂದು ಉಳಿದೇ ಉಳಿಯುತ್ತದೆ. ಆದರೆ ಅನುಭವಿಗಳು ‘ಇದನ್ನು ಹೇಳಲಾಗದು’ ಎಂದು ಬಿಟ್ಟುಬಿಡುವುದರಲ್ಲಿ ಬಹುಪಾಲು ಯಾರೂ ಕೇಳದೆ ಇದ್ದುದರಿಂದ ಹೇಳದೆ ಉಳಿದದ್ದು. ಎಸರಿನ ವಿಷಯ ಹೇಳಲಾಗದ್ದೇನಲ್ಲ.

ಎರಡನೆಯ ಆಕ್ಷೇಪಣೆ ಮಾನವಶಾಸ್ತ್ರದ ಕಡೆಯಿಂದ ಬಂದದ್ದು. ಜೀನ್ ಲೇವ್ ಲೈಬೀರಿಯದ ದರ್ಜಿಗಳ ಶಿಷ್ಯವೃತ್ತಿಯನ್ನು ಅಭ್ಯಸಿಸಿದಾಗ ಅಲ್ಲಿ ಔಪಚಾರಿಕ ಬೋಧನೆ ಬಹಳ ಕಡಿಮೆಯಿದ್ದರೂ ಹುಡುಗರು ಕಸುಬನ್ನು ಚೆನ್ನಾಗಿ ಕಲಿಯುತ್ತಿದ್ದುದು ಕಂಡುಬಂತು. ಅವರು ಗುಂಡಿ ಹಚ್ಚುವುದು, ಅಂಚು ಮಡಿಸುವುದು ಮುಂತಾದ ಕೊನೆಯ ಕೆಲಸಗಳಿಂದ ಆರಂಭಿಸಿ, ಹೊಲಿಗೆಗೆ ಬಂದು, ಕಟ್ಟಕಡೆಗೆ ಬಟ್ಟೆ ಕತ್ತರಿಸುವುದಕ್ಕೆ ತಲಪುತ್ತಿದ್ದರು. ಗುಂಡಿ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಕೆಲಸಗಳ ಈ ಅನುಕ್ರಮವೇ ಅಲ್ಲಿ ಗುರುವಿನ ಪಾತ್ರ ವಹಿಸುತ್ತದೆ. ಎಟಿಯೆನ್ ವೆಂಗರ್ ಜೊತೆಗೂಡಿ ಆಕೆ 1991ರಲ್ಲಿ ಪ್ರಕಟಿಸಿದ ‘ಸಿಚುಯೇಟೆಡ್ ಲರ್ನಿಂಗ್’ ಕೃತಿ ಇದನ್ನು ಸಿದ್ಧಾಂತವಾಗಿ ಬೆಳೆಸಿತು. ಕಮ್ಮಾರಸಾಲೆಯಲ್ಲಿ ತಿದಿಯೊತ್ತುವುದರಿಂದ ಆರಂಭಿಸುವ ಹುಡುಗನ ಕಲಿಕೆಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಒಪ್ಪತಕ್ಕ ಮಾತೇ. ಆದರೆ ಆ ಕ್ರಮಕ್ಕೆ ವರ್ಷಗಳು ಬೇಕು. ಅಷ್ಟು ಕಾಲ ಕೂಲಿಯಿಲ್ಲದೆ ಇಲ್ಲವೆ ಅರೆಕೂಲಿಗೆ ದುಡಿಯಬೇಕು. ಬಹಳ ಕಡೆ ಅದರ ಬಾಗಿಲು ಒಂದು ಜಾತಿಗೆ, ಒಂದು ಮನೆತನಕ್ಕೆ, ಗಂಡಸರಿಗೆ ಮಾತ್ರ ತೆರೆದಿತ್ತು. ಹೊರಗಿನಿಂದ ಬಂದವರಿಗೆ, ತಡವಾಗಿ ಬಂದವರಿಗೆ ಕಸುಬು ಸಿಗಬೇಕಾದರೆ ಮರ್ಮಗಳು ಮನೆಯ ಗುಟ್ಟಾಗಿ ಉಳಿಯಬಾರದು.

ಮೂರನೆಯ ಆಕ್ಷೇಪಣೆಗೆ ಇಷ್ಟು ಸುಲಭದ ಉತ್ತರವಿಲ್ಲ. ಮಸೂರ ಉಜ್ಜುವವನ ಕಸುಬನ್ನು ಇಪ್ಪತ್ತಾಗಿ ಒಡೆದಾಗ ಹದಿನಾಲ್ಕು ಕೆಲಸಗಳು ಕಡಿಮೆ ಕೂಲಿಯವರ ಪಾಲಾದವು. ಕಸುಬುದಾರನ ಗುಟ್ಟು ಹಾಳೆಗೆ ಇಳಿದ ದಿನ ಅವನ ಅನಿವಾರ್ಯತೆಯೂ ಇಳಿಯುತ್ತದೆ. ಕಲಿಸಲು ಹಿಂಜರಿಯುವ ಹಿರಿಯ ಕಾರ್ಮಿಕನನ್ನು ಮತ್ಸರಿ ಎಂದು ಬೈಯುವವರು ಅವನು ಏನನ್ನು ಕಳೆದುಕೊಳ್ಳುತ್ತಾನೆಂದು ಲೆಕ್ಕ ಹಾಕಿರುವುದಿಲ್ಲ. ಕಲಿಸುವುದನ್ನೇ ಒಂದು ಕೌಶಲವೆಂದು ಮನ್ನಿಸಿ, ಅದಕ್ಕೆ ಸಮಯವನ್ನೂ ಸಂಬಳವನ್ನೂ ಮೀಸಲಿಡದ ಹೊರತು ನಾಲ್ಕು ಹಂತಗಳ ಕಾರ್ಡು ಜೇಬಿನಲ್ಲಿಯೇ ಉಳಿಯುತ್ತದೆ.

8

ಯುದ್ಧಾನಂತರ ಅಮೆರಿಕದಲ್ಲಿ ಈ ಪಾಠಕ್ರಮ ಬೇಗ ಕಳೆಗುಂದಿತು. ಜಪಾನ್ ಅದನ್ನು ಉಳಿಸಿಕೊಂಡಿತು. ಅಮೆರಿಕದ ಆಡಳಿತಾವಧಿಯಲ್ಲಿ ಅಲ್ಲಿಗೆ ಬಂದ ವಿಧಾನವು 1950ರ ದಶಕದಲ್ಲಿ ಟೊಯೊಟ ಸಂಸ್ಥೆಯ ಕಾರ್ಯಪದ್ಧತಿಯಲ್ಲಿ ಬೆರೆತು, ಅಲ್ಲಿಂದ ಪ್ರಮಾಣಿತ ಕೆಲಸದ ಕಲ್ಪನೆಯ ಮೂಲಕ ಲೋಕದ ಇತರೆಡೆಗೂ ಮರಳಿತು. ಅದೇ ಸಂಸ್ಥೆ ಕಿರ್ಲೋಸ್ಕರ್ ಸಹಭಾಗಿತ್ವದಲ್ಲಿ 1997ರಲ್ಲಿ ಬಿಡದಿಗೆ ಬಂತು. 2007ರಲ್ಲಿ ಅಲ್ಲಿಯೇ ತಾಂತ್ರಿಕ ತರಬೇತಿ ಸಂಸ್ಥೆಯೊಂದನ್ನು ತೆರೆದು, ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತೊಡಗಿತು. ಆಲೆನನ ಹಡಗುಕಟ್ಟೆಯಿಂದ ರಾಮನಗರದ ಹಾದಿಗೆ ತೊಂಬತ್ತು ವರ್ಷಗಳ ಈ ಸುತ್ತು ಕುತೂಹಲಕರ. ಭಾರತದಲ್ಲಿ 1961ರ ಶಿಶಿಕ್ಷು ಅಧಿನಿಯಮವು ಕಾರ್ಖಾನೆಯ ನೆಲದ ಮೇಲಿನ ಕಲಿಕೆಗೆ ಕಾನೂನಿನ ಚೌಕಟ್ಟನ್ನು ಒದಗಿಸಿತು. ಮೇಲ್ವಿಚಾರಕರನ್ನೇ ತರಬೇತುಗೊಳಿಸುವ ಉದ್ದೇಶದಿಂದ 1971ರಲ್ಲಿ ಜರ್ಮನಿಯ ನೆರವಿನೊಂದಿಗೆ ಬೆಂಗಳೂರಿನಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಸ್ಥಾಪನೆಯಾಯಿತು.

ಚೌಕಟ್ಟು ಇದೆ, ಸಂಸ್ಥೆಗಳಿವೆ. ಕೊರತೆಯಿರುವುದು ಹಾಳೆಯ ಬಲಗಡೆಯ ಅಂಕಣದಲ್ಲಿ. ಕರ್ನಾಟಕದ ಕಮ್ಮಟಗಳಲ್ಲಿ, ಗಾರ್ಮೆಂಟ್ ಘಟಕಗಳಲ್ಲಿ, ರೇಷ್ಮೆ ನೂಲು ಬಿಚ್ಚಾಣಿಕೆಯ ಒಲೆಗಳ ಮುಂದೆ ಇಂದಿಗೂ ಮರ್ಮಗಳು ನುರಿತವರ ಕೈಯಲ್ಲಿವೆ. ಕೆಲವು ಅವರ ಬಾಯಲ್ಲಿಯೂ ಇವೆ. ವೃತ್ತಿಪದಗಳನ್ನು ಸಂಗ್ರಹಿಸುವ ಕಾರ್ಯ ಕನ್ನಡದಲ್ಲಿ ನಡೆದಿದೆಯಾದರೂ ಅದು ಹೆಚ್ಚಾಗಿ ಉಪಕರಣಗಳ ಹಾಗೂ ವಸ್ತುಗಳ ಹೆಸರುಗಳಿಗೆ ಒಲಿದಿದೆ. ಮಗ್ಗದ ಪ್ರತಿ ಭಾಗಕ್ಕೂ ಹೆಸರು ಬರೆದುಕೊಂಡ ಸಂಗ್ರಾಹಕರು, ಎಳೆ ತುಂಡಾದಾಗ ನೇಕಾರನು ಅದನ್ನು ಗಂಟು ಕಾಣದಂತೆ ಸೇರಿಸುವಾಗ ಏನು ಹೇಳುತ್ತಾನೆಂದು ಕೇಳಿದ್ದು ಕಡಿಮೆ. ಕೇಳಿದರೆ ಮೊದಲು ಬರುವ ಉತ್ತರ ಬಹುಶಃ ‘ಹೀಗೆ’ ಎಂಬುದೇ. ಅಲ್ಲಿಗೆ ಟಿಪ್ಪಣಿ ಪುಸ್ತಕವನ್ನು ಮಡಿಸದೆ, ‘ಯಾವ ಬೆರಳು, ಯಾವ ಕಡೆಗೆ, ತಪ್ಪಿದರೆ ಏನಾಗುತ್ತದೆ’ ಎಂದು ಎರಡನೆಯ ಸಲ, ಮೂರನೆಯ ಸಲ ಕೇಳುವ ಕ್ಷೇತ್ರಕಾರ್ಯ ಇನ್ನೂ ಆಗಬೇಕಾಗಿದೆ. ಆ ಪ್ರಶ್ನೆಗಳನ್ನು ಕೇಳಲು ಫೋರ್‌ಮನ್ನನಿಗೂ ತರಬೇತಿ ಬೇಕು, ಭಾಷಾಶಾಸ್ತ್ರದ ವಿದ್ಯಾರ್ಥಿಗೂ ಬೇಕು.